ಮೂರು ಕೀಲುಗಳ ಬೆಸುಗೆ

ಚಾಮರಾಜಪೇಟೆಯ ಆ ಅಡ್ಡರಸ್ತೆಯಲ್ಲಿ ಮಹಾನಂದ ಕೂತಿದ್ದನ್ನು ಕಂಡವರು ಕಡಿಮೆ. ಕಾಫಿ ಕುಡಿಯುವುದು ನಿಂತುಕೊಂಡು, ತಲೆ ಬಾಚಿಕೊಳ್ಳುವುದು ಓಡಾಡಿಕೊಂಡು. ಗಂಡ ರೇವಣಸಿದ್ದಯ್ಯನಿಗೆ ಬಡಿಸುತ್ತ ಬಡಿಸುತ್ತಲೇ ಅಡುಗೆಮನೆ, ನಡುಮನೆಗಳ ಮಧ್ಯದಲ್ಲೆಲ್ಲೋ ತನ್ನ ಊಟವನ್ನೂ ಮುಗಿಸಿಬಿಡುತ್ತಿದ್ದಳು. ಅತ್ತೆ ಗುರುಬಸಮ್ಮ ಮನೆಗೆ ಬಂದವರ ಮುಂದೆಲ್ಲ ಹೇಳುತ್ತಿದ್ದರು: “ನಮ್ಮ ಸೊಸೆ ಲಿಂಗಪೂಜೆಗೆ ಕೂತಾಗ ಮಾತ್ರ ಅಲುಗಾಡಲ್ಲ. ಅದೂ ಶಿವನಿಗೆ ಹೆದರಿ.”

ಬೀದಿಯ ಕೊನೆಯಲ್ಲಿದ್ದ ಹೆಣ್ಣುಮಕ್ಕಳ ಮಿಡ್ಲ್ ಸ್ಕೂಲಿನಲ್ಲಿ ಅವಳು ಡ್ರಿಲ್ ಟೀಚರು. ಬಳೇಪೇಟೆಯ ಹಿತ್ತಾಳೆ ಪಾತ್ರೆ ವ್ಯಾಪಾರಿಯ ಮಗಳು ಸೀಟಿ ಊದಿಕೊಂಡು ಮೈದಾನದಲ್ಲಿ ಓಡುವ ಕೆಲಸಕ್ಕೆ ಹೋಗುತ್ತಾಳೆಂದಾಗ ನೆಂಟರಿಷ್ಟರು ಮೂಗೆಳೆದಿದ್ದರು. ರೇವಣಸಿದ್ದಯ್ಯ ಹಾಗೆ ಮಾಡಿರಲಿಲ್ಲ. ಪ್ರೆಸ್ಸೊಂದರಲ್ಲಿ ಪ್ರೂಫ್ ತಿದ್ದುವ ಮನುಷ್ಯ ಅವನು. ಕೂತಲ್ಲಿ ಕೂತು, ತಗ್ಗಿಸಿದ ತಲೆ ಎತ್ತದೆ ದಿನ ಕಳೆಯುವವನು. ಮದುವೆಯಾದ ಹೊಸದರಲ್ಲಿ ಒಮ್ಮೆ ಶಾಲೆಯ ಕಾಂಪೌಂಡಿನ ಹೊರಗೆ ನಿಂತು, ಸೆರಗು ಬಿಗಿದು ಹುಡುಗಿಯರ ಸಾಲಿನ ಪಕ್ಕದಲ್ಲಿ ಹೆಜ್ಜೆ ಹಾಕುತ್ತಿದ್ದ ಹೆಂಡತಿಯನ್ನು ನೋಡಿದ್ದ. ಮನೆಗೆ ಬಂದು, “ನಿನ್ನ ಸೀಟಿ ನಮ್ಮ ಪ್ರೆಸ್ಸಿನ ತನಕ ಕೇಳಿಸುತ್ತೆ ಬಿಡು,” ಎಂದಿದ್ದ. ಪ್ರೆಸ್ಸಿದ್ದದ್ದು ಕೋಟೆಯ ಹತ್ತಿರ, ಸೀಟಿ ಕೇಳಿಸದಷ್ಟು ದೂರ. ಅವನು ಹೊಗಳುವುದು ಹಾಗೆಯೇ ಎಂದು ಅವಳಿಗೆ ಗೊತ್ತಾಗಲು ಕೊಂಚ ಕಾಲ ಬೇಕಾಯಿತು. ಅವರಿಗೆ ಮಕ್ಕಳಾಗಲಿಲ್ಲ. ಆ ಮಾತನ್ನು ಗುರುಬಸಮ್ಮ ಎತ್ತುವುದನ್ನು ಬಿಟ್ಟು ಆಗಲೇ ಕೆಲವು ವರ್ಷಗಳಾಗಿದ್ದವು.

ಕಾಯಿಲೆ ಮೊದಲು ಕೈಗೆ ಬಂತು. ಐವತ್ತನೇ ಇಸವಿಯ ಚಳಿಗಾಲದ ಒಂದು ಬೆಳಗ್ಗೆ ಪೂಜೆಗೆ ಕೂತವಳು ಎಡ ಅಂಗೈಯಲ್ಲಿ ಲಿಂಗವನ್ನಿಟ್ಟುಕೊಂಡಳು, ಬೆರಳು ಮಡಚಲಿಲ್ಲ. ರಾತ್ರಿಯೆಲ್ಲ ಯಾರೋ ಗಂಜಿ ಹಾಕಿ ಒಣಗಿಸಿದ ಹಾಗೆ ಬೆರಳುಗಳು ಸೆಟೆದು ನಿಂತಿದ್ದವು. ಬಿಸಿಲೇರಿದ ಮೇಲೆ ಸಡಿಲವಾದವು. ಮರುದಿನ ಮತ್ತೆ ಹಾಗೇ. ಆಮೇಲೆ ಮಣಿಕಟ್ಟು ಊದಿಕೊಂಡಿತು, ಆಮೇಲೆ ಮಂಡಿ. “ವಾಯು ಕಣೇ, ಅವರೆಕಾಯಿ ಬಿಡು,” ಎಂದರು ಗುರುಬಸಮ್ಮ. ಅವಳು ಅವರೆಕಾಯಿ ಬಿಟ್ಟಳು, ಎಕ್ಕದೆಲೆಯ ಶಾಖ ತೆಗೆದುಕೊಂಡಳು, ಮೈಗೆಲ್ಲ ತೈಲ ಹಚ್ಚಿಸಿಕೊಂಡಳು, ಡಾಕ್ಟರು ಕೊಟ್ಟ ಆಸ್ಪಿರಿನ್ ನುಂಗಿ ನುಂಗಿ ಕಿವಿಯಲ್ಲಿ ಜೀರುಂಡೆ ಕೂಗುವಂತೆ ಮಾಡಿಕೊಂಡಳು. ಕೀಲುವಾತ, ಇದು ಬೇಗ ಬಿಡುವಂಥದ್ದಲ್ಲ ಎಂದರು ಡಾಕ್ಟರು. ಬಿಡದಿದ್ದರೆ ಬಿಡಲಿ, ಓಡಾಡಿಕೊಂಡಿದ್ದರಾಯಿತು ಎಂದುಕೊಂಡಳು.

ಓಡಾಟಕ್ಕೇ ಸಂಚಕಾರ ಬಂದದ್ದು ಎರಡು ಮೂರು ವರ್ಷದ ಮೇಲೆ. ಬಚ್ಚಲಿನಿಂದ ಬಂದ ಅವಳ ಒದ್ದೆ ಹೆಜ್ಜೆಗಳು ಕೆಂಪು ಗಾರೆಯ ಮೇಲೆ ಮೂಡಿದ್ದನ್ನು ರೇವಣಸಿದ್ದಯ್ಯ ಮೊದಲು ಗಮನಿಸಿದ. ನಡುವೆ ಇರಬೇಕಾದ ಬಾಗು ಇರಲಿಲ್ಲ. ಇಟ್ಟಿಗೆ ಒತ್ತಿದ ಹಾಗೆ ಪಾದ ಪೂರ್ತಿ ನೆಲಕ್ಕೆ ಅಂಟಿತ್ತು. ಬಲಗಾಲಿನ ಹಿಮ್ಮಡಿ ಹೊರಕ್ಕೆ ತಿರುಗಿ, ಕಣಕಾಲಿನ ಒಳಬದಿಯ ಮೂಳೆ ಉಬ್ಬಿ ನೆಲವನ್ನೇ ಮುಟ್ಟುವಂತಿತ್ತು. ಚಪ್ಪಲಿಗಳು ಒಳಗಡೆಯೇ ಸವೆಯುತ್ತಿದ್ದವು. ಮಾರ್ಕೆಟ್ ಹತ್ತಿರದ ಮೋಚಿ ಪಾದದಡಿ ಇಡಲು ಚರ್ಮದ ದಿಂಡು ಹೊಲಿದುಕೊಟ್ಟ. ಅದು ಪಾದದ ಕಮಾನನ್ನು ಎತ್ತುವ ಬದಲು ಹುಣ್ಣು ಮಾಡಿತು. ಕ್ಯಾನ್‌ವಾಸ್ ಶೂ ಒಳಗೆ ಬಟ್ಟೆ ತುರುಕಿಕೊಂಡು ಡ್ರಿಲ್ ಮಾಡಿಸಿದಳು. ಒಂದು ದಿನ ಹುಡುಗಿಯರನ್ನು ಮೈದಾನದ ಸುತ್ತ ಓಡಿಸಿ ತಾನು ಬಾವುಟದ ಕಂಬಕ್ಕೆ ಒರಗಿ ನಿಂತಿದ್ದಳು. ನಿಂತಿದ್ದಾಗಲೂ ನೋವು, ಕೂತರೆ ಚಡಪಡಿಕೆ. ಹೆಡ್‌ಮಿಸ್ಟ್ರೆಸ್ ಬಂದು, “ಮಹಾನಂದಮ್ಮ, ಮುಂದಿನ ವರ್ಷದಿಂದ ಹೊಲಿಗೆ ಕ್ಲಾಸು ತಗೊಳ್ತೀರಾ?” ಎಂದು ಮೆತ್ತಗೆ ಕೇಳಿದರು. ಅವಳು ಸೊಟ್ಟಗಾಗುತ್ತಿದ್ದ ತನ್ನ ಬೆರಳುಗಳನ್ನು ಅವರ ಮುಂದೆ ಹಿಡಿದು, “ಇದರಲ್ಲಿ ಸೂಜಿ ನಿಲ್ಲುತ್ತಾ ಮೇಡಂ?” ಎಂದಳು. ಅಂದು ಸಂಜೆಯೇ ಗಂಡನನ್ನು ಕರೆದುಕೊಂಡು ದೊಡ್ಡಾಸ್ಪತ್ರೆಗೆ ಹೋದಳು.

ಮೂಳೆ ಡಾಕ್ಟರು ಯುದ್ಧಕಾಲದಲ್ಲಿ ಮಿಲಿಟರಿ ಆಸ್ಪತ್ರೆಯಲ್ಲಿ ದುಡಿದು ಬಂದಿದ್ದ ಸಣಕಲು ಮನುಷ್ಯ. ಅವಳನ್ನು ಬರಿಗಾಲಿನಲ್ಲಿ ನಿಲ್ಲಿಸಿ, ಹಿಂದಿನಿಂದ ಕೂತು ಹಿಮ್ಮಡಿಗಳನ್ನು ಬಹಳ ಹೊತ್ತು ನೋಡಿದರು. ಆಮೇಲೆ ಎಕ್ಸ್‌ರೇಯನ್ನು ಕಿಟಕಿಯ ಬೆಳಕಿಗೆ ಹಿಡಿದರು.

“ನಿಮ್ಮದು ಹುಟ್ಟಿನಿಂದ ಬಂದ ಚಪ್ಪಟೆ ಪಾದ ಅಲ್ಲಮ್ಮ. ಕೀಲುವಾತ ಒಳಗಿಂದ ಕಟ್ಟುಗಳನ್ನೆಲ್ಲ ತಿಂದುಹಾಕಿದೆ. ಕಮಾನು ಹಿಡಿದಿದ್ದ ಮೂಳೆ ಒಳಗಡೆ ಜಾರಿದೆ. ಶೂ, ದಿಂಡು ಯಾವುದೂ ಅದನ್ನ ಎತ್ತಿ ಹಿಡಿಯಲ್ಲ.”

“ಮತ್ತೇನು ಮಾಡ್ತೀರಿ?”

“ಹಿಮ್ಮಡಿ ಹತ್ತಿರ ಮೂರು ಕೀಲುಗಳಿವೆ. ಮೂರನ್ನೂ ಬಿಡಿಸಿ, ಸವೆದಿರೋ ಮೇಲ್ಪದರ ಕೆರೆದು ತೆಗೆದು, ಪಾದಾನ ನೇರ ತಿರುಗಿಸಿ ಕೂಡಿಸ್ತೀವಿ. ಪ್ಲಾಸ್ಟರ್ ಒಳಗೆ ಮೂಳೆಗೆ ಮೂಳೆ ಬೆಸೆದುಕೊಳ್ಳುತ್ತೆ. ಆಮೇಲೆ ಅಲ್ಲಿ ಅಲುಗಾಟ ಇರಲ್ಲ. ಅಲುಗಾಟ ಇಲ್ಲದ ಮೇಲೆ ನೋವೂ ಇರಲ್ಲ.”

ಅಲುಗಾಟ ಇರಲ್ಲ ಎಂಬ ಮಾತು ಅವಳ ಎದೆಗೆ ತಾಕಿತು. “ನಡೆಯೋದು ಹೇಗೆ?”

“ಕಣಕಾಲು ಮೇಲೆ ಕೆಳಗೆ ಆಡುತ್ತೆ, ಪಕ್ಕಕ್ಕೆ ವಾಲಲ್ಲ, ಅಷ್ಟೆ. ನಿಲ್ತೀರಿ, ನಡೀತೀರಿ. ಓಡೋದನ್ನ ಮರೆತುಬಿಡಿ.”

“ಬೆರಳುಗಳು ತಾವಾಗೇ ಗಂಟು ಬೀಳ್ತಿವೆ ಅಂತ ನಿಮ್ಮ ಹತ್ರ ಬಂದ್ರೆ, ನೀವು ಕಾಲಿಗೂ ಗಂಟು ಹಾಕ್ತೀನಿ ಅಂತೀರಲ್ಲ ಡಾಕ್ಟ್ರೇ.”

ಡಾಕ್ಟರು ನಗಲಿಲ್ಲ. “ರೋಗ ಹಾಕೋ ಗಂಟು ಸೊಟ್ಟಗೆ ಬೀಳುತ್ತೆ. ನಾನು ನೇರವಾಗಿ ಹಾಕ್ತೀನಿ,” ಎಂದರು.

ಜಟಕಾ ಚಾಮರಾಜಪೇಟೆಗೆ ತಿರುಗುವಾಗ, “ಓಡದೆ ಇರೋ ಡ್ರಿಲ್ ಟೀಚರು ಇರ್ತಾಳಾ?” ಎಂದು ಕೇಳಿದಳು. ರೇವಣಸಿದ್ದಯ್ಯ, “ನಿಲ್ಲೋಕಾಗದೆ ಇರೋ ಡ್ರಿಲ್ ಟೀಚರು ಅಂತೂ ಇರಲ್ಲ,” ಎಂದ. ಅಲ್ಲಿಗೆ ತೀರ್ಮಾನವಾಯಿತು.

ಆದರೆ ತೀರ್ಮಾನ ಮಾಡಿದ ತಕ್ಷಣ ಚಾಕು ಹಿಡಿಯಲು ಡಾಕ್ಟರು ಒಪ್ಪಲಿಲ್ಲ. ಕೀಲುಗಳು ಕೆರಳಿರುವಾಗ ಕುಯ್ದರೆ ಗಾಯವೂ ಮಾಯುವುದಿಲ್ಲ, ಮೂಳೆಯೂ ಕೂಡುವುದಿಲ್ಲ. ಊತ ಇಳಿದು ರಕ್ತ ತಣ್ಣಗಾಗಬೇಕು ಎಂದರು. ಸಪೂರ ಗಾಜಿನ ಕೊಳವೆಯಲ್ಲಿ ರಕ್ತ ನಿಲ್ಲಿಸಿ ಅದು ಎಷ್ಟು ಬೇಗ ತಳಕ್ಕಿಳಿಯುತ್ತದೆಂದು ನೋಡುತ್ತಿದ್ದರು; ಬೇಗ ಇಳಿದರೆ ಕೆರಳಿಕೆ ಇನ್ನೂ ಇದೆಯೆಂದು ಅರ್ಥ. ಅವಳ ರಕ್ತಕ್ಕೂ ಅವಳಷ್ಟೇ ಅವಸರ, ಸರ್ರನೆ ಇಳಿದುಬಿಡುತ್ತಿತ್ತು. ಎರಡು ಸಲ ವಾರ್ಡಿಗೆ ಸೇರಿಸಿಕೊಂಡರು, ಎರಡು ಸಲವೂ ಮನೆಗೆ ಕಳಿಸಿದರು. ಕೀಲುವಾತ ತಗ್ಗಲೆಂದು ಚಿನ್ನದ ಲವಣದ ಇಂಜೆಕ್ಷನ್ ಕೊಟ್ಟರು, ಹಾಸಿಗೆ ಬಿಟ್ಟು ಏಳಬಾರದೆಂದರು. ಏಳದೆ ಇರುವುದು ಆಗ ಅವಳು ಕಲಿಯಬೇಕಾಗಿ ಬಂದ ವಿದ್ಯೆ, ಕಲಿಯಲಿಲ್ಲ. ವಾರ್ಡಿನಲ್ಲಿ ಗೋಡೆ ಹಿಡಿದುಕೊಂಡು ಮಂಚದಿಂದ ಮಂಚಕ್ಕೆ ಹೋಗಿ ಬೇರೆಯವರ ಹೊದಿಕೆ ಸರಿಮಾಡುತ್ತಿದ್ದಳು. ನರ್ಸಮ್ಮ ಗದರಿದರೆ ವಾಪಸು ಬಂದು ಮಲಗಿ, ಕಾಲಿನ ಹೆಬ್ಬೆರಳಾಡಿಸುತ್ತ ಮೇಲಿನ ಫ್ಯಾನನ್ನು ನೋಡುತ್ತಿದ್ದಳು.

ಪಕ್ಕದ ಮಂಚದಲ್ಲಿದ್ದವಳು ಪಿಳ್ಳಮ್ಮ. ಕಲಾಸಿಪಾಳ್ಯದವಳು, ಮಾರ್ಕೆಟ್ಟಿನಲ್ಲಿ ಸೊಪ್ಪು ತರಕಾರಿ ಮಾರುವವಳು. ಅವಳಿಗೂ ಅದೇ ಕೀಲುವಾತ, ಪಾದಗಳು ಇನ್ನೂ ಕೆಟ್ಟದಾಗಿ ಮಲಗಿದ್ದವು. ಡಾಕ್ಟರು ಅವಳಿಗೂ ಆಪರೇಷನ್ ಹೇಳಿದ್ದರು; ಅವಳು ಖಡಾಖಂಡಿತ ಒಲ್ಲೆ ಎಂದಿದ್ದಳು.

“ಮೂರು ತಿಂಗಳು ಮಲ್ಕೊಂಡ್ರೆ ನನ್ ಜಾಗ್ದಾಗೆ ಇನ್ನೊಬ್ಳು ಬುಟ್ಟಿ ಇಕ್ತಾಳೆ ಕಣಮ್ಮ. ಆಮೇಲೆ ಕಾಲು ನೆಟ್ಟಗಾದ್ರೆ ಏನ್ಮಾಡ್ಲಿ, ಬುಟ್ಟಿ ಹೊತ್ಕೊಂಡು ಮೆರವಣಿಗೆ ಹೋಗ್ಲಾ?”

ಮಹಾನಂದ ಅದಕ್ಕೆ ನಕ್ಕಳು. ನಕ್ಕ ಮೇಲೆ ಒಳಗೆ ಏನೋ ಕೊರೆಯತೊಡಗಿತು. ತನ್ನ ಜಾಗದಲ್ಲಿ ಆಗಲೇ ಇನ್ನೊಬ್ಬಳು ಬಂದಿದ್ದಳು. ಮಲ್ಲೇಶ್ವರದ ಆಂಡಾಳ್ ಎಂಬ ಹುಡುಗಿ, ತರಬೇತಿ ಮುಗಿಸಿ ಹೊಸದಾಗಿ ಬಂದವಳು, ಹೆಜ್ಜೆಯಿಟ್ಟರೆ ನೆಲ ಮುಟ್ಟಿದ್ದೇ ತಿಳಿಯದಂಥ ಕಾಲಿನವಳು.

ಐವತ್ತಾರರ ಸೆಪ್ಟೆಂಬರಿನಲ್ಲಿ ಅಂತೂ ರಕ್ತ ನಿಧಾನಕ್ಕೆ ಇಳಿಯಿತು. ಆಪರೇಷನ್ನಿಗೆ ಪ್ರಜ್ಞೆ ತಪ್ಪಿಸಲು ಮೂಗಿನ ಮೇಲೆ ಈಥರ್ ಬಟ್ಟೆ ಇಟ್ಟಾಗ ಅವಳು ಎದ್ದು ಕೂರಲು ನೋಡಿದಳಂತೆ, ಇಬ್ಬರು ಹಿಡಿದುಕೊಳ್ಳಬೇಕಾಯಿತಂತೆ. ಅವಳಿಗೆ ನೆನಪಿದ್ದದ್ದು ಎಚ್ಚರವಾದ ಮೇಲಿನ ನೋವು ಮಾತ್ರ. ಬಲಗಾಲು ಬೆರಳಿನಿಂದ ಮಂಡಿಯವರೆಗೆ ಬಿಳಿ ಕಂಬವಾಗಿತ್ತು. ಒಳಗೆ ಯಾರೋ ಒನಕೆ ಹಾಕುತ್ತಿದ್ದರು. ನೋವು ತಗ್ಗಿದ ಮೇಲೆ ಡಾಕ್ಟರು ಬಂದು ಬೆರಳಿನಿಂದ ಪ್ಲಾಸ್ಟರ್ ತಟ್ಟಿ ಹೇಳಿದರು: “ನನ್ನ ಕೆಲಸ ಮುಗೀತು. ಇನ್ನು ಉಳಿದಿದ್ದು ನಿಮ್ಮ ಕೆಲಸ. ನಾನು ಹೇಳೋ ತನಕ ಈ ಕಾಲು ನೆಲಕ್ಕೆ ಇಳಿಯಬಾರದು.”

ಮನೆಯಲ್ಲಿ ನಡುಮನೆಯ ಕಿಟಕಿಯ ಪಕ್ಕ ಮಂಚ ಹಾಕಿದರು. ಬೀದಿ ಕಾಣಲಿ, ಬೇಜಾರು ಕಳೆಯಲಿ ಎಂದು ರೇವಣಸಿದ್ದಯ್ಯ ಮಾಡಿದ ಏರ್ಪಾಡು ಅದು. ಆದರೆ ಆ ಕಿಟಕಿಯಿಂದ ಬೀದಿಗಿಂತ ಹೆಚ್ಚಾಗಿ ಶಾಲೆಯ ಸೀಟಿ ಕೇಳಿಸುತ್ತಿತ್ತು. ಆಂಡಾಳ್ ಊದುವ ಸೀಟಿ. ಚಿಕ್ಕದಾಗಿ ಊದುತ್ತಿದ್ದಳು, ಉಸಿರು ಕಟ್ಟಿ ಊದುತ್ತಿರಲಿಲ್ಲ. ಎಡಗಾಲಿಗೆ ಬೀಳಬೇಕಾದ ಡೋಲಿನ ಪೆಟ್ಟು ಒಂದೊಂದು ಸಲ ತಡವಾಗಿ ಬೀಳುತ್ತಿತ್ತು. ಮಹಾನಂದ ಮಲಗಿದ್ದಲ್ಲೇ ಎಡಗೈಯಿಂದ ಗೋಡೆಗೆ ಬಡಿದು ತಾಳ ಸರಿಪಡಿಸುತ್ತಿದ್ದಳು. ಅದು ಅಲ್ಲಿಗೆ ಮುಟ್ಟುವುದುಂಟೇ. ದಿಂಬು ತಿರುಗಿಸುತ್ತಿದ್ದಳು, ಕಿಟಕಿಯ ಬಾಗಿಲು ಹಾಕಿಸುತ್ತಿದ್ದಳು, ಮತ್ತೆ ತೆಗೆಸುತ್ತಿದ್ದಳು. “ಒಂದು ಗಳಿಗೆ ಸುಮ್ಮನಿರೇ, ಮಂಚಾನೂ ಮುರಿದುಹಾಕ್ತೀಯ,” ಎಂದು ಗುರುಬಸಮ್ಮ ಗೊಣಗುತ್ತಲೇ ಅವಳ ಬೆನ್ನಿಗೆ ಬೀಸಣಿಗೆಯಿಂದ ಗಾಳಿ ಹಾಕುತ್ತಿದ್ದರು. ಬೆನ್ನಿನ ಬೇಗೆಗಿಂತ ಪ್ಲಾಸ್ಟರ್ ಒಳಗಿನ ನವೆ ಘೋರವಾಗಿತ್ತು. ರೇವಣಸಿದ್ದಯ್ಯ ರಾತ್ರಿ ಮಂಚದ ಪಕ್ಕದಲ್ಲೇ ಚಾಪೆ ಹಾಸಿಕೊಂಡು ಮಲಗುತ್ತಿದ್ದ, ನಿದ್ದೆಗಣ್ಣಿನಲ್ಲಿ ಇವಳು ಕಾಲಿಳಿಸಿಬಿಟ್ಟಾಳೆಂದು.

ನವೆಂಬರ್ ಒಂದಕ್ಕೆ ಹೊಸ ರಾಜ್ಯ. ಕನ್ನಡ ಮಾತಾಡುವ ಸೀಮೆಗಳೆಲ್ಲ ಒಂದಾಗುವ ದಿನವೆಂದು ಎಲ್ಲರ ಬಾಯಲ್ಲೂ ಅದೇ ಮಾತು. ಶಾಲೆಯ ಹುಡುಗಿಯರು ಬಿಳಿ ಲಂಗ ಹಾಕಿ ಬೀದಿಯಿಂದ ವೃತ್ತದವರೆಗೆ ಮೆರವಣಿಗೆ ಹೋಗುವುದೆಂದು ಗೊತ್ತಾಗಿತ್ತು. ಆಂಡಾಳ್ ಒಂದು ಸಂಜೆ ಹೆದರಿಕೊಂಡೇ ಬಂದು, “ಟೀಚರ್, ತಿರುವಿನಲ್ಲಿ ಸಾಲು ಒಡೆದುಹೋಗ್ತಿದೆ. ನೀವು ಹೇಗೆ ಮಾಡಿಸ್ತಿದ್ರಿ?” ಎಂದು ಕೇಳಿದಳು. ಮಹಾನಂದ ಹೇಳಿಕೊಟ್ಟಳು. ಒಳಗಿನವರು ಹೆಜ್ಜೆ ಚಿಕ್ಕದು ಮಾಡಬೇಕು, ಹೊರಗಿನವರು ಉದ್ದ ಹಾಕಬೇಕು, ಟೀಚರು ಮೂಲೆಯಲ್ಲಿ ನಿಂತು ಕೈ ಚಾಚಬೇಕು ಎಂದಳು. ಹೇಳುವಾಗ ಅವಳ ಧ್ವನಿ ಬೇಕೆಂದೇ ಒಣಗಿತ್ತು. ಹುಡುಗಿ ಹೋದ ಮೇಲೆ ಅದಕ್ಕಾಗಿ ಅವಳಿಗೇ ಕಸಿವಿಸಿಯಾಯಿತು.

ದೀಪಾವಳಿಯೂ ಅದೇ ವಾರ. ಒಂದನೇ ತಾರೀಖು ಬೆಳಗ್ಗೆ ಗುರುಬಸಮ್ಮ ಹಬ್ಬದ ಸಾಮಾನಿಗೆಂದು ಪೇಟೆಗೆ ಹೋದರು. ಪ್ರೆಸ್ಸಿನಲ್ಲಿ ವಿಶೇಷ ಸಂಚಿಕೆಯ ಕೆಲಸವೆಂದು ರೇವಣಸಿದ್ದಯ್ಯ ಆಗಲೇ ಹೊರಟಿದ್ದ. ಡೋಲು ಶುರುವಾಯಿತು. ಮಹಾನಂದ ಊರುಗೋಲು ತೆಗೆದುಕೊಂಡು ಒಂಟಿ ಕಾಲಲ್ಲಿ ಬಾಗಿಲ ತನಕ ಬಂದಳು. ಬಾಗಿಲ ತನಕ ಮಾತ್ರ ಎಂದುಕೊಂಡಿದ್ದಳು. ಬಾಗಿಲಿಗೆ ಬಂದ ಮೇಲೆ ಜಗಲಿ, ಜಗಲಿಗೆ ಬಂದ ಮೇಲೆ ಮೂಲೆ. ಬೀದಿಯ ತಿರುವಿನಲ್ಲಿ ಜನ ತುಂಬಿದ್ದರು. ಸಾಲು ಬಂತು. ಮುಂದಿನ ಹುಡುಗಿಯರು ಅವಳನ್ನು ಕಂಡರು. “ಟೀಚರ್” ಎಂದು ಯಾರೋ ಕೂಗಿದರು. ಕತ್ತುಗಳು ತಿರುಗಿದವು, ಹೆಜ್ಜೆ ತಪ್ಪಿತು, ಹಿಂದಿನವರು ಮುಂದಿನವರ ಮೇಲೆ ಬಂದರು. ಆಂಡಾಳ್ ಸೀಟಿ ಊದಲು ಮರೆತು ನಿಂತುಬಿಟ್ಟಳು.

ಊರುಗೋಲು ಯಾವಾಗ ಕೈಬಿಟ್ಟಳೋ ಅವಳಿಗೆ ತಿಳಿಯಲಿಲ್ಲ. ಬಿಳಿ ಕಂಬವನ್ನು ನೆಲಕ್ಕೂರಿ, ಮೂಲೆಯಲ್ಲಿ ನಿಂತು ಕೈ ಚಾಚಿ, “ಎಡ, ಎಡ, ಎಡಬಲ,” ಎಂದು ಕೂಗಿದಳು. ಸಾಲು ನೇರವಾಯಿತು. ತಿರುವು ದಾಟಿತು. ಅಲ್ಲಿಗೆ ನಿಲ್ಲಬಹುದಿತ್ತು. ನಿಲ್ಲಲಿಲ್ಲ. ವೃತ್ತದವರೆಗೂ ಸಾಲಿನ ಪಕ್ಕದಲ್ಲಿ ಪ್ಲಾಸ್ಟರ್ ಕಾಲು ಕುಟ್ಟಿಕೊಂಡು ಹೋದಳು. ನೋವೇ ಇರಲಿಲ್ಲ. ಅದೇ ಅವಳನ್ನು ಮೋಸಗೊಳಿಸಿದ್ದು.

ಸಂಜೆಗೆ ಬೆರಳುಗಳು ಬದನೆಕಾಯಿಯ ಬಣ್ಣಕ್ಕೆ ತಿರುಗಿದವು. ಮನೆಯವರು ಕೇಳಿದರೆ ಏನೂ ಇಲ್ಲವೆಂದಳು. ಆದರೆ ಬೀದಿಯೆಲ್ಲ ನೋಡಿತ್ತಲ್ಲ. ಗುರುಬಸಮ್ಮನಿಗೆ ಪಕ್ಕದ ಮನೆಯವರೇ ಸಂತೋಷದಿಂದ ಹೇಳಿ ಹೋಗಿದ್ದರು. ರೇವಣಸಿದ್ದಯ್ಯ ಬಂದು ಮಂಚದ ಪಕ್ಕ ನಿಂತು ಪ್ಲಾಸ್ಟರಿನ ತಳಕ್ಕೆ ಮೆತ್ತಿದ್ದ ಬೀದಿಯ ಮಣ್ಣನ್ನು ನೋಡಿದ. ಅವನು ದನಿಯೆತ್ತಿದ್ದನ್ನು ಅವಳು ಅದುವರೆಗೆ ಕೇಳಿರಲಿಲ್ಲ. ಅಂದೂ ದೊಡ್ಡ ದನಿಯೇನಲ್ಲ.

“ಈ ಕಾಲು ನಿನ್ನೊಬ್ಬಳದೇ ಅಂದ್ಕೊಂಡಿದ್ದೀಯಾ? ನಿನ್ನ ಜೊತೆ ನಾನೂ ಅಲುಗಾಡದೆ ಬಿದ್ದುಕೊಂಡಿದ್ದೆ ಈ ಚಾಪೆ ಮೇಲೆ. ಅಮ್ಮ ಈ ವಯಸ್ಸಲ್ಲಿ ನಿನ್ನ ಮಲಮೂತ್ರ ಎತ್ತಿದ್ರು. ಒಂದು ಮೆರವಣಿಗೆಗೆ ಎಲ್ಲಾನೂ ತುಳಿದುಬಿಟ್ಟೆ.”

“ಸಾಲು ಒಡೀತಿತ್ತು ರೀ,” ಎಂದಳು ಅವಳು.

“ಒಡೀಲಿ,” ಎಂದ ಅವನು. ಆ ರಾತ್ರಿ ಅವನು ಜಗಲಿಯಲ್ಲಿ ಮಲಗಿದ.

ಆಸ್ಪತ್ರೆಯಲ್ಲಿ ಡಾಕ್ಟರು ಪ್ಲಾಸ್ಟರ್ ಬಿಚ್ಚುವ ಮೊದಲೇ ಕೇಳಿದರು, “ನಡೆದಿರಾ?”

“ನಡೆದೆ.”

ಎಕ್ಸ್‌ರೇಯಲ್ಲಿ ಹಿಂದಿನ ಕೀಲುಗಳೆರಡು ಕೂಡತೊಡಗಿದ್ದವು. ಮುಂದಿನದು, ಕಮಾನಿನ ಒಳಬದಿಯದು, ಸರಿದಿತ್ತು. ಮತ್ತೆ ಪ್ಲಾಸ್ಟರ್ ಹಾಕಿದರು. ಸಂಕ್ರಾಂತಿ ಕಳೆಯಿತು, ಶಿವರಾತ್ರಿ ಬಂತು. ಅದು ಕೊನೆಗೂ ಪೂರ್ತಿ ಬೆಸೆಯಲಿಲ್ಲ. ಹಿಮ್ಮಡಿ ನೇರವಾಗಿತ್ತು, ನಿಂತರೆ ಮೊದಲಿನ ಆ ಕತ್ತರಿಸುವ ನೋವಿಲ್ಲ, ಆದರೆ ಮೆಟ್ಟಿಲು ಹತ್ತುವಾಗ ಪಾದದ ಒಳಗಡೆ ಹಲ್ಲುನೋವಿನಂತೆ ಒಂದು ಜಗ್ಗು ಉಳಿದುಬಿಟ್ಟಿತು. “ಮತ್ತೊಂದು ಸಲ ಬಿಡಿಸಿ ಕೂಡಿಸಬಹುದು,” ಎಂದರು ಡಾಕ್ಟರು. “ಇದು ಇರಲಿ. ಎಡಗಾಲು ಮಾಡಿ,” ಎಂದಳು ಮಹಾನಂದ. ಡಾಕ್ಟರು ಕನ್ನಡಕ ತೆಗೆದು ಅವಳನ್ನು ನೋಡಿದರು, ಆಮೇಲೆ ಅವಳ ಗಂಡನನ್ನು ನೋಡಿದರು. ರೇವಣಸಿದ್ದಯ್ಯ ಎಕ್ಸ್‌ರೇಯನ್ನು ಲಕೋಟೆಗೆ ಸೇರಿಸುತ್ತಿದ್ದ. ಅವನು ಜಗಲಿಯಿಂದ ಒಳಗೆ ಬಂದು ಮಲಗುತ್ತಿದ್ದ ನಿಜ. ಮಾತು ಮಾತ್ರ ಎಷ್ಟು ಬೇಕೋ ಅಷ್ಟೇ ಆಡುತ್ತಿದ್ದ.

ಈ ಸಲ ಏರ್ಪಾಡು ಅವಳದು. ಆಪರೇಷನ್ನಿನ ಮುಂಚೆ ಶಾಲೆಗೆ ಹೋಗಿ, ಹೆಡ್‌ಮಿಸ್ಟ್ರೆಸ್ ಎದುರಿಗೆ ತನ್ನ ಡೋಲು, ಡಂಬೆಲ್ಸು, ಕೋಲಾಟದ ಕೋಲುಗಳ ಬೀರುವಿನ ಬೀಗದ ಕೈಯನ್ನು ಆಂಡಾಳ್ ಕೈಗೆ ಕೊಟ್ಟಳು. “ನಾನು ವಾಪಸು ಬಂದ್ರೂ ಇದು ನಿಮ್ಮ ಹತ್ರಾನೇ ಇರಲಿ. ಓಡಿಸೋದು ನೀವು, ನಿಲ್ಲಿಸೋದು ನಾನು,” ಎಂದಳು. ಹುಡುಗಿಯ ಕಣ್ಣಲ್ಲಿ ನೀರು ಬಂತು. ಮಹಾನಂದಳಿಗೆ ಅಳುವವರನ್ನು ಕಂಡರೆ ಕಾಲು ನಿಲ್ಲದು, ಹೊರಟುಬಂದಳು. ಮನೆಗೆ ಬಂದು ಗಂಡನಿಗೆ, “ಪ್ಲಾಸ್ಟರ್ ಬಿಚ್ಚೋ ತನಕ ಬಳೇಪೇಟೇಲಿ ಅಣ್ಣನ ಮನೇಲಿರ್ತೀನಿ,” ಎಂದಳು. “ಇಲ್ಲಿದ್ರೆ ಸೀಟಿ ಕೇಳಿಸುತ್ತೆ. ಸೀಟಿ ಕೇಳಿಸಿದ್ರೆ ನನ್ನ ಮೇಲೆ ನನಗೆ ನಂಬಿಕೆ ಇಲ್ಲ.”

ಅವನು ಬಹಳ ದಿನಗಳ ಮೇಲೆ ಅವಳ ಮುಖವನ್ನು ನೇರ ನೋಡಿದ. “ನಾನೂ ಬರ್ತೀನಿ. ಪ್ರೆಸ್ಸಿಗೆ ಅಲ್ಲಿಂದ ಹತ್ರಾನೇ,” ಎಂದ.

ಬಳೇಪೇಟೆಯಲ್ಲಿ ಬೆಳಗಿನಿಂದ ಸಂಜೆಯವರೆಗೆ ಹಿತ್ತಾಳೆ ಬಡಿಯುವ ಸದ್ದು. ಆ ಸದ್ದಿಗೆ ತಾಳವಿರಲಿಲ್ಲ, ಹಾಗಾಗಿ ತಪ್ಪುವುದಕ್ಕೂ ಏನೂ ಇರಲಿಲ್ಲ. ಆದರೂ ಅವಳು ನೆಮ್ಮದಿಯಾಗಿ ಮಲಗಿದ್ದಳೆಂದು ಹೇಳಿದರೆ ಸುಳ್ಳಾಗುತ್ತದೆ. ಹಾಸಿಗೆಯ ಅಂಚನ್ನು ಬೆರಳಿನಿಂದ ಕಿತ್ತು ಕಿತ್ತು ಹತ್ತಿ ಹೊರಗೆ ತೆಗೆದಿದ್ದಳು. ಅತ್ತಿಗೆಯ ಮೇಲೆ ರೇಗಿದಳು, ಅಣ್ಣನ ಮೇಲೆ ರೇಗಿದಳು. ಒಂದು ಮಧ್ಯಾಹ್ನ ಊರುಗೋಲು ಕೈಗೆ ತೆಗೆದುಕೊಂಡವಳು ಹಾಗೇ ಬಹಳ ಹೊತ್ತು ಹಿಡಿದುಕೊಂಡಿದ್ದು, ಕೊನೆಗೆ ಅದನ್ನು ಕೈಗೆಟುಕದ ಹಾಗೆ ಕೋಣೆಯ ಆಚೆ ಮೂಲೆಗೆ ಎಸೆದಳು. ಕಾಲು ಮಾತ್ರ ನೆಲಕ್ಕಿಳಿಸಲಿಲ್ಲ.

ಎಡಗಾಲಿನ ಮೂರು ಕೀಲುಗಳೂ ಕೂಡಿದವು. ಐವತ್ತೆಂಟರ ಬೇಸಿಗೆ ರಜೆ ಮುಗಿದು ಶಾಲೆ ತೆರೆದಾಗ ಅವಳು ಮೈದಾನದಲ್ಲಿ ಯಾವುದಕ್ಕೂ ಒರಗದೆ ನಿಂತಿದ್ದಳು. ಓಡಲಿಲ್ಲ. ಹಳ್ಳದಿಣ್ಣೆಯ ನೆಲದಲ್ಲಿ ತಡವರಿಸುತ್ತಿದ್ದಳು, ಕಲ್ಲೊಂದು ಸಿಕ್ಕರೂ ಪಾದ ಅದಕ್ಕೆ ತಕ್ಕಂತೆ ವಾಲುತ್ತಿರಲಿಲ್ಲ. ಕೀಲುವಾತವೇನೂ ಅವಳನ್ನು ಬಿಟ್ಟು ಹೋಗಿರಲಿಲ್ಲ. ಮಣಿಕಟ್ಟಿಗೆ ಮತ್ತೆ ಬಂತು, ಭುಜಕ್ಕೂ ಬಂತು, ಕೆಲವು ದಿನ ಬೆಳಗ್ಗೆ ಅತ್ತೆಯೇ ಅವಳ ಜಡೆ ಹಾಕಬೇಕಾಗುತ್ತಿತ್ತು. ಆದರೂ ಚಪ್ಪಟೆ ರಸ್ತೆಯಿದ್ದರೆ ಸಾಕು, ನಡೆದುಬಿಡುತ್ತಿದ್ದಳು. ಶಾಲೆ ಬಿಟ್ಟ ಮೇಲೆ ಒಮ್ಮೊಮ್ಮೆ ಗಾಂಧಿಬಜಾರಿನವರೆಗೂ ಹೋಗಿ ಬರುತ್ತಿದ್ದಳು, ಕೊಳ್ಳುವುದಕ್ಕೇನೂ ಇಲ್ಲದಿದ್ದರೂ.

ಆ ವರ್ಷ ಶ್ರಾವಣದಲ್ಲಿ ಮಾರ್ಕೆಟ್ಟಿಗೆ ಹೋದವಳಿಗೆ ಸೊಪ್ಪಿನ ಸಾಲಿನಲ್ಲಿ ಪಿಳ್ಳಮ್ಮ ಕಂಡಳು. ಅದೇ ಜಾಗ. ಗೋಣಿತಾಟಿನ ಮೇಲೆ ಕೂತು ಎರಡೂ ಪಾದಗಳನ್ನು ಪಕ್ಕಕ್ಕೆ ಚೆಲ್ಲಿಕೊಂಡಿದ್ದಳು. ಮೇಲೇಳಲು ಆಗದ ಸ್ಥಿತಿಗೆ ಬಂದಿದ್ದಳು. ಬೆಳಗ್ಗೆ ಮಗ ತಂದು ಕೂರಿಸಿದರೆ ಸಂಜೆ ಬಂದು ಎತ್ತಿಕೊಂಡು ಹೋಗಬೇಕು. ಮಹಾನಂದಳನ್ನು ಗುರುತಿಸಿ ಮಾತಿಗೆ ಮೊದಲೇ ಅವಳ ಕಾಲು ನೋಡಿದಳು. “ಇಲ್ಲಿ ಕೊಡಿ,” ಎಂದು ಚಪ್ಪಲಿ ಬಿಚ್ಚಿಸಿ, ನೂರಾರು ಜನ ತುಳಿದಾಡುವ ದಾರಿಯಲ್ಲೇ ಹಿಮ್ಮಡಿಯನ್ನು ಹಿಡಿದು, ಸೋರೆಕಾಯಿ ಎಳೆಯದೋ ಬಲಿತದ್ದೋ ನೋಡುವ ಹಾಗೆ ಹೆಬ್ಬೆರಳಿನಿಂದ ಅದುಮಿದಳು. ಎಡಗಾಲು ನೋಡಿದಳು, ಬಲಗಾಲು ನೋಡಿದಳು.

“ಇದು ಗಟ್ಟಿ ಐತೆ. ಇದ್ಯಾಕೆ ಸ್ವಲ್ಪ ಸೊಟ್ಟ?”

“ಹೇಳಿದ ಮಾತು ಕೇಳದೆ ಎದ್ದು ನಡೆದೆ. ಅದಕ್ಕೆ.”

ಪಿಳ್ಳಮ್ಮ ಕೈ ತೆಗೆದು, ಕೊತ್ತಂಬರಿ ಕಟ್ಟಿನ ಮೇಲೆ ನೀರು ಚಿಮುಕಿಸಿದಳು. ಗಿರಾಕಿಯೊಬ್ಬನಿಗೆ ಸೊಪ್ಪು ಕೊಟ್ಟು ಕಳಿಸಿದಳು. ಆಮೇಲೆ ಬೇರೆತ್ತಲೋ ನೋಡುತ್ತ ಕೇಳಿದಳು, “ಬಾಳ ನೋಯ್ತದಾ?”

“ನೋಯುತ್ತೆ,” ಎಂದಳು ಮಹಾನಂದ. “ಆದರೆ ನೋವಿಗಿಂತ ಸುಮ್ನೆ ಮಲಗಿರೋದೇ ಕಷ್ಟ. ನನಗಂತೂ ಅದೇ ನರಕ ಆಗಿತ್ತು.”

ಪಿಳ್ಳಮ್ಮ ಮೊದಲ ಸಲ ನಕ್ಕಳು. “ಸುಮ್ನೆ ಮಲ್ಗೋದು ನಂಗೆ ಸುಖಾನೇ ಬಿಡಿ ಅಮ್ಮ. ಲಗ್ನ ಆದಾಗಿಂದ ಮಲ್ಗೇ ಇಲ್ಲ ನಾನು.” ಆಮೇಲೆ ಪಕ್ಕದ ಗೋಣಿತಾಟಿನ ಹೆಂಗಸಿನ ಕಡೆ ತಿರುಗಿ, ಜಗಳಕ್ಕೆ ನಿಂತವಳ ದನಿಯಲ್ಲಿ, “ಏಯ್, ಮೂರು ತಿಂಗಳು ನನ್ ಜಾಗ ನೋಡ್ಕೊಂತೀಯೇನೇ?” ಎಂದು ಕೂಗಿದಳು.